ಉಜ್ಜಿಹೋದ ಚಾಸಿ ನಂಬರು

ನನಗೆ ಹಳೇ ಕಾರಿನ ಹುಚ್ಚು. ಹವ್ಯಾಸ ಅನ್ನುವವರು ಮರ್ಯಾದೆಗೆ ಹಾಗನ್ನುತ್ತಾರೆ, ಹುಚ್ಚೇ ಅದು. ಸೋಲದೇವನಹಳ್ಳಿಯ ತೋಟವೊಂದರ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ, ಐವತ್ತರ ದಶಕದ ಅಮೆರಿಕನ್ ಕಾರನ್ನು ಕೊಂಡುತಂದೆ. ಬಾಗಿಲು ಮುಟ್ಟಿದರೆ ತುಕ್ಕು ಉದುರುತ್ತಿತ್ತು. ನೋಂದಣಿಯ ಅವಧಿ ಎಂದೋ ಮುಗಿದಿತ್ತು. ಮತ್ತೆ ಮಾಡಿಸದೆ ರಸ್ತೆಗೆ ಇಳಿಸುವಂತಿರಲಿಲ್ಲ.

ಗೊರಗುಂಟೆಪಾಳ್ಯದ ಹತ್ತಿರ ಸ್ವಂತ ಶೆಡ್ಡು ಹಾಕಿಕೊಂಡಿದ್ದ, ಗಾಡಿಗಳ ತಗಡು ಕೆಲಸದ ಟಿಂಕರೊಬ್ಬರಿಗೆ ಅದನ್ನು ಒಪ್ಪಿಸಿದೆ. ಬಾಗಲಕೋಟೆ ಕಡೆಯವರು. ನಾಲ್ಕು ವರ್ಷ ಆ ಕಾರಿನ ಮೇಲೆ ದುಡಿದರು. ಎಲ್ಲೂ ಸಿಗದ ಭಾಗಗಳನ್ನು ತಗಡು ಬಡಿದೇ ಆಕಾರಕ್ಕೆ ತಂದರು. ನಾನೋ, ಶನಿವಾರ ಶನಿವಾರ ಹೋಗಿ, ಬೆರಳಾಡಿಸಿ ತಪ್ಪು ಹುಡುಕುವವನು.

ಒಂದು ದಿನ ಕಾರಿನ ಅಡಿಯ ಚೌಕಟ್ಟು ಉಜ್ಜುತ್ತಿದ್ದವರು ಗ್ರೈಂಡರ್ ನಿಲ್ಲಿಸಿ, "ಅಣ್ಣಾರ, ಇಲ್ಲೇನೋ ಕೊರದಂಗೈತಿ, ನೋಡ್ರಿ" ಎಂದರು. ನಾನು ಬಗ್ಗಿಯೂ ನೋಡಲಿಲ್ಲ.

"ತುಕ್ಕು ತಿಂದಿರೋದು ಕಣ್ರೀ. ನುಣ್ಣಗ್ ಮಾಡಿ, ಒಂದ್ ಗುಳಿನೂ ಕಾಣ್ಬಾರ್ದು."

ಮಾಡಿದರು. ಮೇಲೆ ಕಪ್ಪು ಬಣ್ಣ ಹೊಡೆದರು.

ನೋಂದಣಿಯ ತಪಾಸಣೆಗೆ ಇಬ್ಬರೂ ಆರ್‌ಟಿಒ ಕಚೇರಿಗೆ ಹೋದೆವು. ಅಲ್ಲಿನ ಇನ್‌ಸ್ಪೆಕ್ಟರು, ಅಡಿಯ ಚೌಕಟ್ಟಿನಲ್ಲಿ ಚಾಸಿ ನಂಬರು ಕೊರೆದಿರಬೇಕಾದ ಜಾಗದ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಬಗ್ಗಿದರು. ಕಾಗದ ಬರೀ ಕಪ್ಪಾಯಿತು, ಒಂದು ಅಂಕೆಯೂ ಮೂಡಲಿಲ್ಲ.

"ನಂಬರ್ ಅಳಿಸಿದ್ದು ಯಾರ್ರೀ? ಕದ್ದ ಗಾಡಿಗೆ ಹಿಂಗ್ ಮಾಡೋದು, ಗೊತ್ತಾ?"

ನಾನು ಸರ್ಕಾರಿ ನೌಕರ. ಪೊಲೀಸ್ ಕೇಸಾದರೆ ಕೆಲಸಕ್ಕೇ ಕುತ್ತು. ಅದು ಟಿಂಕರಿಗೂ ಗೊತ್ತಿತ್ತು.

"ನಾನ ರೀ ಸಾಹೇಬ್ರ" ಎಂದರು ಅವರು. "ನೋಡಲಾರದ ಉಜ್ಜಿಬಿಟ್ಟೇನ್ರಿ. ಇವ್ರಿಗೇನೂ ಗೊತ್ತಿಲ್ರಿ."

ಇಲ್ಲ ಸ್ವಾಮಿ, ಉಜ್ಜಿಸಿದ್ದು ನಾನೇ ಅಂತ ನಾನು ಹೇಳಬೇಕಿತ್ತು. ಅಷ್ಟು ಮಾತು ಬಾಯಿಂದ ಹೊರಡಲಿಲ್ಲ. ಫೈಲು ಹಿಡಿದು ಕಂಬದ ಹಾಗೆ ನಿಂತಿದ್ದೆ. ಥೂ, ನನ್ನ ಜನ್ಮಕ್ಕೆ!

ಅವರು ಬರೆದುಕೊಟ್ಟ ತಪ್ಪೊಪ್ಪಿಗೆಯ ಮೇಲೆಯೇ ವಿಚಾರಣೆ ಮುಗಿದು, ನಂಬರನ್ನು ಮತ್ತೆ ಕೊರೆಸಲು ಅನುಮತಿ ಸಿಕ್ಕಿತು. ಕಾರು ನನ್ನ ಹೆಸರಿಗೆ ನೋಂದಣಿಯೂ ಆಯಿತು. ಅಷ್ಟರಲ್ಲಿ ಪೊಲೀಸರು ಅವರ ಶೆಡ್ಡಿಗೆ ಮತ್ತೆ ಮತ್ತೆ ಹೋಗಿ ಬಂದಿದ್ದರು. ನಂಬರ್ ಅಳಿಸೋನು ಎಂಬ ಹೆಸರು ಹಬ್ಬಿ, ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟರು. ಶೆಡ್ಡು ಮುಚ್ಚಿತು. ನಾನು ಆಗಲೂ ಯಾರಿಗೂ ಏನೂ ಹೇಳಲಿಲ್ಲ.

ಕಳೆದ ತಿಂಗಳು ಅದೇ ಕಾರಿನಲ್ಲಿ ಟಿ. ದಾಸರಹಳ್ಳಿಗೆ ಹೋಗಿದ್ದಾಗ, ಒಂದು ಗ್ಯಾರೇಜಿನ ಮುಂದೆ ಆ ಟಿಂಕರು ಕಂಡರು. ಅಲ್ಲಿ ಕೂಲಿಗಿದ್ದಾರಂತೆ. ನನ್ನನ್ನು ಮಾತಾಡಿಸುವ ಮೊದಲೇ ಬಾಗಿಲ ಮೇಲೆ ಕೈಯಾಡಿಸಿ ನೋಡಿದರು.

"ಛಲೋ ಓಡತೈತೇನ್ರಿ?"

"ಓಡುತ್ತೆ. ಹತ್ತಿ, ಒಂದ್ ರೌಂಡ್ ಹೋಗ್ಬರೋಣ."

ಅವರು ಹಿಂದಿರುಗಿ ಗ್ಯಾರೇಜಿನತ್ತ ನೋಡಿ, ದನಿ ತಗ್ಗಿಸಿದರು.

"ಬ್ಯಾಡ್ರಿ ಅಣ್ಣಾರ. ನಾ ನಂಬರ್ ಅಳಿಸಿದ್ದ ಗಾಡಿ ಇದ ಅಂತ ಮಾಲಕ್ರಿಗೆ ಗೊತ್ತಾದ್ರ ಇಲ್ಲಿಂದ್ಲೂ ಕಳಸ್ತಾರ. ನೀವು ಲಗೂನ ಹೊಂಡ್ರಿ."

ಹೊರಟೆ.