ಕ್ಷಮೆ ಕೇಳಲು ಕಲಿತದ್ದು

ಮೊನ್ನೆ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದೆ. ಮನೆಗೆ ಬಂದು ಡಬ್ಬಿಯ ಮುಚ್ಚಳ ತೆಗೆದರೆ ಹಿಟ್ಟಿನಲ್ಲಿ ಜೋಳದ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಇತ್ತು, ತುಸು ಸಿಹಿಯಾದದ್ದು. ಮರುದಿನ ಗಿರಣಿಯವನನ್ನು ಕೇಳಿದೆ. "ಯವ್ವಾ, ನಿಮಗಿಂತ ಮೊದ್ಲು ಒಬ್ರು ಮೆಕ್ಕಿಜೋಳ ಹಾಕ್ಸಿದ್ರು. ಒಂದೀಟು ನಿಮ್ಮದ್ರಾಗ ಬಂದಿರ್ತದ. ರೊಟ್ಟಿಗೇನೂ ಆಗಂಗಿಲ್ಲ ಬಿಡ್ರಿ" ಎಂದ. ರೊಟ್ಟಿಗೆ ಏನೂ ಆಗಲಿಲ್ಲ, ನಿಜ. ಆದದ್ದು ನನಗೆ. ಬೆಂಕಿಯ ಮೇಲೆ ಮೆಕ್ಕೆಜೋಳದ ಹಿಟ್ಟು ಕುದಿಯುವ ದೊಡ್ಡ ಪಾತ್ರೆ, ಅದರ ಸುತ್ತ ತಟ್ಟೆ ಹಿಡಿದು ನಿಂತ ಹದಿನೆಂಟು ಮಕ್ಕಳು ಕಣ್ಣ ಮುಂದೆ ಬಂದರು. ಅವರ ವಿಷಯ ನಿಮಗೆ ಹೇಳಬೇಕು. ಹೇಳದೆ ಎರಡು ವರ್ಷ ಕಳೆದಿದ್ದೇನೆ.

ನಾನು ದೇವದುರ್ಗ ತಾಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಪಾಠ ಹೇಳಿದವಳು. ಮನೆಯಲ್ಲಿ ನಾನು ಮಾತಾಡಿದರೂ ಉಕ್ತಲೇಖನ ಕೊಟ್ಟ ಹಾಗಿರುತ್ತದೆ ಎಂದು ನನ್ನ ಯಜಮಾನರು ಇದ್ದಾಗ ಹೇಳುತ್ತಿದ್ದರು. ಅವರು ಹೋದ ಮೇಲೆ, ನಿವೃತ್ತಿಯೂ ಆಗಿ, ರಾಯಚೂರಿನ ಮನೆಯಲ್ಲಿ ಗಿಡಗಳಿಗೆ ಉಕ್ತಲೇಖನ ಕೊಡುತ್ತ ಕುಳಿತಿದ್ದೆ. ಆಗ ಗೆಳತಿ ಗಿರಿಜಾಳ ಫೋನು ಬಂತು. ಅವಳ ಗಂಡ ಶಕ್ತಿನಗರದಲ್ಲಿ ಇಂಜಿನಿಯರ್ ಆಗಿದ್ದವರು. ನಿವೃತ್ತರಾದ ಮೇಲೆ ಟಾಂಜಾನಿಯಾದಲ್ಲಿ ಕರೆಂಟಿನ ಕೆಲಸವೊಂದು ಸಿಕ್ಕು ಇಬ್ಬರೂ ಅಲ್ಲಿಯ ಒಂದು ಸಣ್ಣ ಊರಿಗೆ ಹೋಗಿದ್ದರು.

"ಅಕ್ಕಾ, ನಮ್ಮನಿ ಹತ್ರ ಒಂದು ಮಕ್ಕಳ ಮನಿ ಅದ. ದಿಕ್ಕಿಲ್ಲದ ಹುಡುಗ್ರು. ಕಲಿಸೋರು ಯಾರೂ ಇಲ್ಲ. ನೀವು ಅಲ್ಲಿ ಕುಂತು ಏನ್ ಮಾಡಾಕತ್ತೀರಿ? ಮೂರು ತಿಂಗಳು ಬಂದು ಹೋಗ್ರಿ" ಎಂದಳು.

ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಎಂದರೆ ಸುಳ್ಳಾದೀತು. ಹೊರಡುವ ಮುಂಚೆ ನನ್ನ ಹಳೆಯ ಸಹೋದ್ಯೋಗಿಗಳು ಸೇರಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ನಾನು ಮಾತಾಡುತ್ತ ಎಷ್ಟು ಸಲ "ಸೇವೆ" ಎಂದೆನೋ ಲೆಕ್ಕವಿಲ್ಲ. ಕೊನೆಯ ಸಾಲಿನಲ್ಲಿ ಯಾರೋ ನಕ್ಕ ಹಾಗೆ ಕೇಳಿಸಿ, ಶಾಲೆಯ ಅಭ್ಯಾಸದಂತೆ ಆ ಕಡೆ ಕಣ್ಣು ದೊಡ್ಡದು ಮಾಡಿ ನೋಡಿದೆ.

ಅಲ್ಲಿಯ ಬಿಸಿಲಿಗೆ ನಾನು ಬೆದರುತ್ತೇನೆಂದು ಗಿರಿಜಾಳ ಗಂಡ ಛತ್ರಿ ತಂದಿಟ್ಟಿದ್ದರು. ರಾಯಚೂರಿನವಳನ್ನು ಬಿಸಿಲಿನಿಂದ ಬೆದರಿಸುವುದು ಮೀನಿಗೆ ನೀರು ತೋರಿಸಿದ ಹಾಗೆ. ಬಿಸಿಲು, ಬಕೆಟ್ಟಿನ ಸ್ನಾನ, ಹೋಗಿ ಬರುವ ಕರೆಂಟು ಎಲ್ಲವೂ ನನಗೆ ಗೊತ್ತಿದ್ದವೇ. ಗೊತ್ತಿರದಿದ್ದದ್ದು ಗಡಿಯಾರ. ಮಕ್ಕಳ ಮನೆಯನ್ನು ನಡೆಸುವಾಕೆ ಮೊದಲ ದಿನ ನನಗೆ "ಸಾ ಮೋಜಾ", ಅಂದರೆ ಒಂದು ಗಂಟೆಗೆ, ಬರಲು ಹೇಳಿ ಕಳಿಸಿದ್ದರು. ಊಟ ಮುಗಿಸಿ, ಇಸ್ತ್ರಿ ಸೀರೆ ಉಟ್ಟು, ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಹೋಗಿ ನಿಂತೆ. ಅವರು ಹೊತ್ತು ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ; ಅವರ ಒಂದು ಗಂಟೆ ಎಂದರೆ ನಮ್ಮ ಬೆಳಗಿನ ಏಳು. ತಡವಾಗಿ ಬಂದ ಮಕ್ಕಳನ್ನು ಇಪ್ಪತ್ತೇಳು ವರ್ಷ ಬಾಗಿಲ ಹೊರಗೆ ನಿಲ್ಲಿಸಿದವಳು ಆರು ತಾಸು ತಡವಾಗಿ ಬಾಗಿಲಲ್ಲಿ ನಿಂತಿದ್ದೆ. ಯಾರೂ ಬೈಯಲಿಲ್ಲ. ಆಕೆ ನಕ್ಕು ಒಳಗೆ ಕರೆದು ಉಗಾಲಿ ಬಡಿಸಿದರು. ಅದೇ ಆ ಮೆಕ್ಕೆಜೋಳದ ಮುದ್ದೆ. ನಮ್ಮ ಜೋಳದ ಸಂಗಟಿಯ ಬಿಳಿ ಬಣ್ಣದ ಅಕ್ಕ ಅನ್ನಿ.

ಆಕೆಯನ್ನು ಎಲ್ಲರೂ ಮಾಮಾ ನೀಮಾ ಎನ್ನುತ್ತಿದ್ದರು. ಅಲ್ಲಿ ಮಾಮಾ ಎಂದರೆ ತಾಯಿ. ಅವರಿಗೂ ನನಗೂ ನಡುವೆ ಇದ್ದದ್ದು ಇಬ್ಬರ ಮುರುಕು ಇಂಗ್ಲಿಷ್ ಮಾತ್ರ. ಮಕ್ಕಳ ಸ್ವಾಹಿಲಿ ಮಾತು ನನಗೆ ಬಾರದು ಎಂದುಕೊಂಡಿದ್ದೆ, ಆದರೆ ಅದರೊಳಗೆ ನಮ್ಮೂರಿನ ಮಾತುಗಳು ಇಣುಕುತ್ತಿದ್ದವು. ಪುಸ್ತಕಕ್ಕೆ ಕಿತಾಬು, ಲೇಖನಿಗೆ ಕಲಾಮು, ಔಷಧಕ್ಕೆ ದಾವಾ. ದವಾಖಾನೆಗೆ ಹೋಗಿ ಬೆಳೆದ ನನಗೆ ಯಾರೋ ರಾಯಚೂರಿನ ಓಣಿಯಿಂದ ಕರೆದಂತಾಗುತ್ತಿತ್ತು. ಎಲ್ಲ ಮಾತುಗಳೂ ಅಷ್ಟು ಸಲೀಸಲ್ಲ. ಒಮ್ಮೆ ಅಂಗಳದಲ್ಲಿ ಎಡವಿ ಬಿದ್ದೆ. ಮಕ್ಕಳೆಲ್ಲ ಓಡಿ ಬಂದು "ಪೋಲೆ, ಪೋಲೆ" ಎಂದರು. ಅರವತ್ತು ದಾಟಿದ ಹೆಂಗಸಿಗೆ ಪೋಲಿ ಎನ್ನುತ್ತಾರಲ್ಲ ಎಂದು ಸಿಟ್ಟಾಯಿತು. ಆಮೇಲೆ ಗಿರಿಜಾ ಹೇಳಿದಳು: "ಅಯ್ಯ ಅಕ್ಕಾ, ಹಂಗಲ್ಲ. ನಿಮಗ ನೋವಾತಲ್ಲ, ನಮಗೂ ಕೆಟ್ಟ ಅನಿಸ್ತು ಅಂತ ಹೇಳ್ಯಾರ. ಯಾರಿಗೆ ಏನರ ಆದ್ರ ಅವ್ರು ಹಂಗs ಅಂತಾರ."

ಆ ಮಕ್ಕಳಲ್ಲಿ ರೆಹೆಮಾ ಎಂಬ ಹುಡುಗಿ ಇದ್ದಳು. ಎಂಟು ವರ್ಷ ಇರಬಹುದು. ನನಗೆ ಸ್ವಾಹಿಲಿ ಕಲಿಸುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಿದ್ದಳು. ವಸ್ತು ಮುಟ್ಟಿ ಹೆಸರು ಹೇಳುವಳು, ನಾನು ಹೇಳಬೇಕು, ತಪ್ಪಿದರೆ ಸೊಂಟದ ಮೇಲೆ ಕೈ ಇಟ್ಟು ಮತ್ತೊಮ್ಮೆ ಎನ್ನುವಳು. ನಾನು ಕಂಡ ಅತ್ಯಂತ ತಾಳ್ಮೆಯ ಶಿಕ್ಷಕಿ ಅವಳೇ.

ಒಂದು ಮಧ್ಯಾಹ್ನ ಲೆಕ್ಕದ ಪಾಠ. ಹಿಂದಿನ ದಿನ ಜ್ವರ ಬಂದು ಹೋಗಿತ್ತು, ಸೊಂಟ ನೋಯುತ್ತಿತ್ತು, ಮಕ್ಕಳು ಗುಜುಗುಜು ಎನ್ನುತ್ತಿದ್ದರು. ನನಗೆ ದಣಿವಾಗಿದೆ, ಸುಮ್ಮನಿರಿ ಎಂದು ಹೇಳಬೇಕಿತ್ತು. ದಣಿದಿದ್ದೇನೆ ಎನ್ನಲು "ನಿಮೆಚೋಕಾ" ಎನ್ನಬೇಕು. ನಾನು ಹುಬ್ಬು ಗಂಟಿಕ್ಕಿ, ಮೇಜು ಕುಟ್ಟಿ "ನಿಮೆಚೆಕಾ" ಎಂದೆ. ಹಾಗಂದರೆ ನಾನು ನಕ್ಕೆ ಎಂದು. ಕೆಂಡದಂಥ ಮುಖ ಮಾಡಿಕೊಂಡು ನಾನು ನಕ್ಕೆ, ನಾನು ನಕ್ಕೆ ಎಂದು ಗದರಿಸಿದರೆ ಯಾವ ಮಗು ತಡೆದೀತು ಹೇಳಿ. ಇಡೀ ಕೋಣೆ ನಕ್ಕಿತು. ಉಳಿದವರು ನಿಲ್ಲಿಸಿದರು, ರೆಹೆಮಾಳಿಗೆ ನಿಲ್ಲಿಸಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಹೋಗಿ ಅವಳ ಕಪಾಳಕ್ಕೆ ಹೊಡೆದೆ.

ಆ ಹೊಡೆತಕ್ಕಿಂತ ಹೆಚ್ಚಾಗಿ ಆಮೇಲೆ ಕಂಡದ್ದು ನನ್ನನ್ನು ಬಿಡುವುದಿಲ್ಲ. ಹದಿನೆಂಟು ಮಕ್ಕಳೂ ಒಟ್ಟಿಗೆ ಎರಡೂ ಕೈ ಎತ್ತಿ ತಲೆ ಮುಚ್ಚಿಕೊಂಡರು. ಯಾರೂ ಹೇಳಿಕೊಟ್ಟದ್ದಲ್ಲ. ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿಯೋ ಕಲಿತು ಬಂದದ್ದು. ರೆಹೆಮಾ ಮೇಜಿನ ಕೆಳಗೆ ಹೋಗಿ ಕುಳಿತಳು.

ಸಂಜೆ ಮಾಮಾ ನೀಮಾ ನನ್ನನ್ನು ಕರೆದರು. ನಮ್ಮ ಕಡೆ ಗುರು ಹೊಡೆಯುವುದು ಪ್ರೀತಿಯಿಂದ ಎಂದು ಹೇಳಿದೆ. "ನಮ್ಮ ಕಡೆಯೂ ಹಾಗೆಯೇ ಹೇಳುತ್ತಾರೆ. ಈ ಊರಿನ ಶಾಲೆಗಳಲ್ಲೂ ಬೆತ್ತ ಇದೆ. ಅದಕ್ಕೇ ನನ್ನ ಮನೆಯಲ್ಲಿ ಇಲ್ಲ" ಎಂದರು. ಸಿಟ್ಟಿರಲಿಲ್ಲ ಮಾತಿನಲ್ಲಿ. "ನಿಮಗೆ ಹೋಗಿ ಅನ್ನುವುದಿಲ್ಲ. ಆದರೆ ಅವಳ ಎದುರು ಕೂತು, ಅವಳ ಮಾತಿನಲ್ಲಿ ಕ್ಷಮೆ ಕೇಳಿ. ಕೇಳುವ ತನಕ ಪಾಠ ಬೇಡ."

ಮೂರು ದಿನ ಗಿರಿಜಾಳ ಮನೆಯಲ್ಲೇ ಕುಳಿತೆ. ಮಗುವಿನ ಕ್ಷಮೆ ಕೇಳುವುದೆಂದರೇನು? ನಮ್ಮ ಹಳ್ಳಿಯಲ್ಲಿ ತಂದೆತಾಯಂದಿರೇ ಬಂದು, "ಹೊಡೀರಿ ಟೀಚರ್ರಿ, ಚರ್ಮ ನಿಮ್ದು, ಎಲುಬು ನಮ್ದು" ಎಂದು ಮಕ್ಕಳನ್ನು ಒಪ್ಪಿಸಿ ಹೋಗುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಅಂಗೈಗಳು ನನ್ನ ಮುಂದೆ ಚಾಚಿದ್ದವೋ. ಯಾವುದೂ ನೆನಪಿಲ್ಲ ಎಂದುಕೊಂಡಿದ್ದೆ. ಎರಡನೆಯ ದಿನ ಒಂದು ನೆನಪಾಯಿತು.

ಹನುಮಂತಿ. ನಾಲ್ಕನೇ ತರಗತಿಯಲ್ಲಿದ್ದಳು. ತಪಾಸಣೆಗೆ ಸಾಹೇಬರು ಬಂದಿದ್ದ ದಿನ, ಅವರು ಪ್ರಶ್ನೆ ಕೇಳುತ್ತಿದ್ದಾಗ, ಈ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅವರ ಜೀಪು ಹೋದ ಮೇಲೆ ಅವಳನ್ನು ಎಬ್ಬಿಸಿ, ಕೈ ತಿರುವಿ ಹಿಡಿಸಿ, ಕಟ್ಟಿಗೆಯ ಪಟ್ಟಿಯಿಂದ ಬೆರಳ ಗೆಣ್ಣಿನ ಮೇಲೆ ಹೊಡೆದೆ. ಎಷ್ಟು ಸಲ ಹೊಡೆದೆ ಎಂಬುದು ನೆನಪಿಲ್ಲ. "ಇನ್ನೊಮ್ಮೆ ನಗು ನೋಡೋಣು" ಎಂದದ್ದು ನೆನಪಿದೆ. ಅವಳು ಇನ್ನೊಮ್ಮೆ ನಗಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ನನ್ನ ತರಗತಿಯಲ್ಲಿ ಶಿಸ್ತು ಬಂತೆಂದು ನಾನು ಸಂತೋಷಪಟ್ಟಿದ್ದೆ.

ನಾಲ್ಕನೆಯ ದಿನ ಮಕ್ಕಳ ಮನೆಗೆ ಹೋದೆ. ರೆಹೆಮಾ ಅಡುಗೆಮನೆಯ ಹಿಂದೆ ಅವರೆಕಾಳು ಆರಿಸುತ್ತಿದ್ದಳು. ಮೊಣಕಾಲು ನೋಯಿಸಿಕೊಂಡು ನೆಲದ ಮೇಲೆ ಕುಳಿತು, ಗಿರಿಜಾ ಕಲಿಸಿದ್ದ ಮಾತನ್ನು ಹೇಳಿದೆ: "ನಿಸಮೆಹೆ." ನನ್ನನ್ನು ಕ್ಷಮಿಸು. ಈ ಸಲ ಉಚ್ಚಾರ ತಪ್ಪಲಿಲ್ಲ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಅಷ್ಟು ಹೇಳುವುದರೊಳಗೆ ನನಗೇ ಅಳು ಬಂತು. ಅವಳು ಕಾಳು ಆರಿಸುವುದನ್ನು ನಿಲ್ಲಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. "ಪೋಲೆ, ಮ್ವಾಲಿಮು" ಎಂದಳು. ನಿಮಗೆ ನೋವಾಯಿತಲ್ಲ, ಟೀಚರ್ ಎಂದು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಸರಿಹೋಗಲಿಲ್ಲ. ಮತ್ತೆ ಪಾಠ ಶುರುವಾಯಿತು, ರೆಹೆಮಾ ಮತ್ತೆ ನನಗೆ ಮಾತು ಕಲಿಸಿದಳು. ಆದರೆ ನಾನು ಹಲಗೆಯ ಮೇಲೆ ಬರೆಯಲೆಂದು ಕೈ ಎತ್ತಿದಾಗಲೆಲ್ಲ ಅವಳ ಕೈ ತಾನಾಗಿ ತಲೆಯ ಕಡೆ ಹೋಗಿ ಇಳಿಯುತ್ತಿತ್ತು. ಹೊರಡುವ ದಿನದವರೆಗೂ ಹಾಗೆಯೇ ಇತ್ತು. ಕೊನೆಕೊನೆಗೆ ನಾನು ಹಲಗೆ ಬಿಟ್ಟು ನೆಲದ ಮೇಲೆ ಕುಳಿತು ಬರೆಯತೊಡಗಿದೆ.

ಊರಿಗೆ ಬಂದ ಮೇಲೆ ಜನ ಆಫ್ರಿಕಾದಲ್ಲಿ ಸಿಂಹ ನೋಡಿದಿರಾ ಎಂದು ಕೇಳಿದರು. ನಾನು ಹನುಮಂತಿಯನ್ನು ಹುಡುಕತೊಡಗಿದೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ನಾಗಮ್ಮನಿಗೆ ಫೋನ್ ಮಾಡಿದಾಗ, "ಆಕಿನ್ನ ಮಾನ್ವಿ ತಾಲೂಕಿನ ಕಲ್ಲೂರಿಗೆ ಕೊಟ್ಟಾರ್ರಿ. ಹೊಲಿಗಿ ಮಾಡ್ತಾಳ" ಎಂದಳು. ಆಮೇಲೆಯೂ ಒಂದು ವರ್ಷ ಮುಂದೂಡಿದೆ. ಬಿಸಿಲು, ಮೊಣಕಾಲು, ಯಾರದೋ ಮದುವೆ. ನೆವಗಳಿಗೇನು ಬರ. ಕಲ್ಲೂರೇನು ಟಾಂಜಾನಿಯಾ ಅಲ್ಲ. ರಾಯಚೂರಿನಿಂದ ಮಾನ್ವಿ ಬಸ್ಸು ಹತ್ತಿದರೆ ಆಯಿತು. ಈ ಸಲದ ದೀಪಾವಳಿ ಕಳೆದ ಮೇಲೆ ಹತ್ತಿದೆ.

ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವಳು ನನ್ನನ್ನು ನೋಡಿದ ಕೂಡಲೇ ಗುರುತಿಸಿ ಎದ್ದಳು. "ಟೀಚರ್ರಿ, ನೀವೇನ್ರಿ? ಒಳಗ ಬರ್ರಿ, ಬರ್ರಿ." ಹೊಸ್ತಿಲಲ್ಲಿ ಓದುತ್ತ ಕುಳಿತಿದ್ದ ಮಗಳಿಗೆ, "ಏಳು, ಕಾಲಿಗೆ ಬೀಳು. ನಾ ಹೇಳ್ತಿರ್ತೀನಲ್ಲ, ಆ ಟೀಚರ್ ಇವ್ರ" ಎಂದಳು. ನನಗೆ ಚಾಪೆ ಹಾಸಿ, "ನಿಮ್ಮ ಕೈಯಾಗ ಹೊಡ್ತ ತಿಂದs ನಾ ಶಾಣ್ಯಾಕಿ ಆದೆ ನೋಡ್ರಿ. ಊರಾಗ ಎಲ್ಲಾರ್ಗೂ ಹೇಳ್ತೀನಿ" ಎಂದಳು. ಆಮೇಲೆ ಬಟ್ಟೆ ಅಳೆಯುವ ಕಟ್ಟಿಗೆಯ ಪಟ್ಟಿ ತೆಗೆದು ತೋರಿಸಿ, "ಈಕಿಗೂ ಇದs ಪಾಠ. ಇದನ್ನ ತಗದ್ರ ಸಾಕು, ಮಗ್ಗಿ ತಾನs ಬರ್ತದ" ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ಮಗಳು ನನ್ನ ಮುಖ ನೋಡಲಿಲ್ಲ, ಪಟ್ಟಿಯನ್ನೇ ನೋಡುತ್ತಿದ್ದಳು.

"ಹನುಮಂತಿ, ಅವತ್ತು ನಾ ನಿನಗ ಹೊಡ್ದದ್ದು ತಪ್ಪು. ಅದನ್ನ ಹೇಳಾಕ ಬಂದೀನವ್ವ" ಎಂದೆ.

"ಅಯ್ಯ, ಬಿಡ್ರಿ. ನಾನs ಏನರ ಮಾಡಿರ್ಬೇಕು" ಎಂದು ಪಟ್ಟಿಯನ್ನು ಕೆಳಗಿಟ್ಟಳು. ನಂತರ ಕೇಳಿದಳು. "ಏನ್ ಮಾಡಿದ್ದೆ, ನೆನಪದ ಏನ್ರಿ ನಿಮಗ?"

"ನಕ್ಕಿದ್ದಿ."

"ಮತ್ತ?"

"ಅಷ್ಟs. ಸಾಹೇಬ್ರು ಬಂದಾಗ ನಕ್ಕಿದ್ದಿ."

ಅವಳು ಚಹಾ ಮಾಡುತ್ತೇನೆಂದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದು ಕಪ್ಪು ನನ್ನ ಮುಂದಿಟ್ಟು, "ಇಷ್ಟು ವರ್ಷ ನಾ ಏನೋ ಕಳುವು ಮಾಡಿದ್ದೆ ಅಂತ ತಿಳ್ಕೊಂಡಿದ್ದೆ. ಹಂಗಂದ್ರ ಸುಮ್‌ಸುಮ್ನ ತಿಂದೆನೇನ್ರಿ ಹೊಡ್ತ?" ಎಂದಳು. ಚಹಾ ಕುಡಿದೆ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಹೊಳೆಯಿತು. ಅವಳು ಆ ಹೊಡೆತಕ್ಕೆ ಒಂದು ಅರ್ಥ ಕೊಟ್ಟುಕೊಂಡು, ಅದರ ಮೇಲೆ ನಿಂತು ಬದುಕು ಕಟ್ಟಿಕೊಂಡಿದ್ದಳು. ನಾನು ಹಗುರಾಗಬೇಕೆಂದು ಹೋಗಿ ಅದನ್ನೂ ಕಿತ್ತುಕೊಂಡು ಬಂದೆ. ಹೋಗಬಾರದಿತ್ತೇ? ಹೋಗದಿದ್ದರೆ ಆ ಪಟ್ಟಿ ಹಾಗೆಯೇ ಇರುತ್ತಿತ್ತು. ಎರಡೂ ನಿಜ. ಎರಡನ್ನೂ ಹೊತ್ತುಕೊಂಡು ಕುಳಿತಿದ್ದೇನೆ.

ನಿನ್ನೆ ಸಂಜೆ ಅವಳ ಫೋನು ಬಂತು. ಆರಾಮಿದ್ದೀರೇನ್ರಿ, ಊಟ ಆಯಿತೇನ್ರಿ ಎಂದೆಲ್ಲ ಕೇಳಿದ ಮೇಲೆ, "ಟೀಚರ್ರಿ, ಒಂದು ಮಾತು ಕೇಳ್ಬೇಕಿತ್ತು. ಅವತ್ತು ನಾ ಯಾಕ ನಕ್ಕಿದ್ದೆ?" ಎಂದಳು.

"ಗೊತ್ತಿಲ್ಲವ್ವ. ನಾ ಕೇಳ್ಲೇ ಇಲ್ಲ."

"ನನಗೂ ನೆನಪಾಗವಲ್ದು ನೋಡ್ರಿ. ಎಂಟು ದಿನ ಆತು, ಅದನ್ನs ನೆನಸಾಕತ್ತೀನಿ. ಸಾಹೇಬ್ರು ಎಲ್ಲಿ ಕುಂತಿದ್ರು?"

"ಕಿಟಕಿ ಹತ್ರ, ಕುರ್ಚಿ ಮ್ಯಾಲ."

"ನಾ ಎಲ್ಲಿ ಕುಂತಿದ್ದೆ?"

"ಎರಡನೇ ಸಾಲಿನ್ಯಾಗ. ಕಿಟಕಿಗೆ ಎದುರ."

"ಹಂಗಿದ್ರ ಹೊರಗ ಏನೋ ನೋಡಿರ್ಬೇಕು. ಏನಿತ್ತು ಹೊರಗ?"

ಫೋನು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಕೋಣೆ ಕಂಡಿತು, ಸಾಹೇಬರ ಕನ್ನಡಕ ಕಂಡಿತು, ಎರಡನೆಯ ಸಾಲಿನಲ್ಲಿ ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆಯ ಹುಡುಗಿ ಕಂಡಳು. ಅವಳು ಏನನ್ನೋ ನೋಡಿ ನಗುತ್ತಿದ್ದಾಳೆ. ಏನೆಂದು ಅವಳಿಗೆ ನಾನು ಹೇಳಲಾರೆ. ನಾನು ಕಿಟಕಿಗೆ ಬೆನ್ನು ಮಾಡಿ ನಿಂತಿದ್ದೆ.