ಕದ್ದ ಮೀನು, ಹಸಿ ಮೀನು

ಕಣ್ಣಿಗೆ ಮೊದಲು ಬಿದ್ದದ್ದು ಮೀನು. ಕಿತ್ತಳೆ ಬಣ್ಣದ, ತಲೆಯಿಲ್ಲದ, ಚರ್ಮವಿಲ್ಲದ, ಬೆಂಕಿಯ ಮುಖವನ್ನೇ ನೋಡದ ಹಸಿ ಮೀನು. ಅನ್ನದ ಪುಟ್ಟ ಉಂಡೆಗಳ ಬೆನ್ನೇರಿ, ಕರಿ ಹಲಗೆಯ ಮೇಲೆ ಸಾಲಾಗಿ ಕೂತಿತ್ತು. ಅದರ ಎದುರು ಮಕ್ಕಳದ್ದೂ ಒಂದು ಸಾಲು. ಮೂರು, ನಾಲ್ಕು, ಐದು ವರ್ಷದ ಮಕ್ಕಳು, ತಲೆಗೆ ಕಾಗದದ ಟೋಪಿ. ಆ ಸಾಲಿನ ಮುಂದೆಯೇ ನನ್ನ ಮಗಳು ಮೈತ್ರಿ ನಿಂತಿದ್ದಳು. ಅವಳ ಕೆನ್ನೆ ಆಗಲೇ ಉಬ್ಬಿತ್ತು.

ನಾನು ಗಂಗೊಳ್ಳಿ ಬಂದರಿನ ಪಕ್ಕ ಹುಟ್ಟಿದವಳು. ಮೀನು ಹಿಡಿಯುವವರ ಮನೆಯ ಮಗಳು. ಮಗುವಿನ ಬಾಯಿಗೆ ಹಸಿ ಮೀನು ಹೋಗುವುದನ್ನು ಅಲ್ಲಿ ಒಂದು ದಿನವೂ ಕಂಡಿರಲಿಲ್ಲ. ಅದನ್ನು ನೋಡುವುದಕ್ಕೆ ಕಡಲು ಬಿಟ್ಟು, ಘಟ್ಟ ಹತ್ತಿ, ಬೆಂಗಳೂರಿನ ವೈಟ್‌ಫೀಲ್ಡಿಗೆ ಬರಬೇಕಾಯಿತು.

ಊರಿನವರಿಗೆ ಸುಶಿ ಎಂದರೇನೆಂದು ಹೇಳಬೇಕು. ಅದು ಜಪಾನಿನವರ ತಿಂಡಿ. ಅಂಟು ಅನ್ನಕ್ಕೆ ಹುಳಿ ಬೆರೆಸಿ ಉಂಡೆ ಮಾಡಿ ಮೇಲೊಂದು ಮೀನಿನ ತುಂಡು ಇಡುತ್ತಾರೆ, ಇಲ್ಲವೇ ಒಳಗೆ ಸೌತೆಕಾಯಿಯನ್ನೋ ಮೀನನ್ನೋ ಇಟ್ಟು ನೋರಿಯಲ್ಲಿ ಸುತ್ತುತ್ತಾರೆ. ನೋರಿ ಎಂದರೆ ಒಣಗಿಸಿದ ಕಡಲ ಪಾಚಿ. ನಮ್ಮಲ್ಲಿ ಬಂಡೆಗೆ ಹತ್ತಿಕೊಂಡು ಕಾಲು ಜಾರಿಸುತ್ತದಲ್ಲ, ಆ ಜಾತಿಯದ್ದೇ. ಜಪಾನಿನವರ ಊಟವನ್ನು ನಾನು ಹೀಗಳೆಯುವುದಿಲ್ಲ. ಅವರಿಗೆ ಅವರ ಮೀನು ಗೊತ್ತು, ಅವರ ಕತ್ತಿ ಗೊತ್ತು. ನನ್ನ ಸಿಟ್ಟು ಅವರ ಮೇಲಲ್ಲ.

ನಾವು ಇಲ್ಲಿಗೆ ಬಂದದ್ದು ನನ್ನ ಗಂಡ ಗಣೇಶನ ಕೆಲಸಕ್ಕಾಗಿ. ಟೆಕ್ ಪಾರ್ಕೊಂದರ ಕಟ್ಟಡವನ್ನು ತಂಪಾಗಿಡುವ ಯಂತ್ರಗಳ ರಿಪೇರಿ ಅವರದ್ದು. ನಾನು ಹೋಪ್ ಫಾರ್ಮ್ ಹತ್ತಿರದ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ. ಮನೆ ಹುಡುಕುವಾಗ ಇಲ್ಲಿನ ಓನರುಗಳು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಕೊನೆಗೆ ನಲ್ಲೂರಹಳ್ಳಿಯಲ್ಲಿ ಗೌರಮ್ಮನವರ ಮನೆಯ ಮಹಡಿ ಸಿಕ್ಕಿತು. ಗೌರಮ್ಮ ಈ ಊರಿನ ಮೂಲದವರು. ಒಂದು ಕಾಲಕ್ಕೆ ರಾಗಿ ಬೆಳೆದ ಅವರ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಎದ್ದಿದೆ, ಮಗ ಸೊಸೆ ಅಲ್ಲೇ ಇದ್ದಾರೆ. ಗೌರಮ್ಮ ಮಾತ್ರ ಹಳೆ ಜಾಗ ಬಿಟ್ಟು ಕದಲಿಲ್ಲ.

"ಬಾಡೂಟ ಏನಾದ್ರೂ ಮಾಡ್ಕೊಳಮ್ಮ, ನಾವೂ ತಿನ್ನೋರೆಯಾ," ಎಂದರು ಮೊದಲ ದಿನ. ಬಾಡು ಎಂದರೆ ಇಲ್ಲಿ ಮಾಂಸ. ಕುರಿ, ಕೋಳಿ, ಎಲ್ಲಕ್ಕೂ ಅಪ್ಪಣೆಯಾಯಿತು. "ಮೀನ್ ಮಾತ್ರ ಬ್ಯಾಡ. ಆ ವಾಸ್ನೆ ನಮ್ಗೆ ಆಗಾಕಿಲ್ಲ. ಗ್ವಾಡೆಗೆಲ್ಲ ಇಡ್ಕಂಬುಡ್ತದೆ."

ಗೋಡೆಗೆ ಹಿಡಿಯುತ್ತದಂತೆ! ಅವರ ಮನೆಯಲ್ಲಿ ಹಬ್ಬದ ಮರುದಿನ ತಲೆಮಾಂಸ ಸುಟ್ಟರೆ ನಮ್ಮ ಮಹಡಿಯ ಪರದೆಗಳು ಒಂದು ವಾರ ನಾರುತ್ತವೆ. ನಾನು ಒಂದು ಮಾತೂ ಆಡಿದವಳಲ್ಲ. ಆ ದಿನ ಗಣೇಶ ನನ್ನ ಕೈ ಒತ್ತಿದರು, ನಾನು ತಲೆಯಾಡಿಸಿದೆ. ಮನೆ ಬೇಕಿತ್ತು.

ಆದರೆ ಮೀನಿಲ್ಲದೆ ನಮಗೆ ಅನ್ನ ಇಳಿಯುವುದಿಲ್ಲ. ಊರಲ್ಲಿ ಬಂಗುಡೆ ಕಾವಲಿಗೆ ಬಿದ್ದರೆ ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ "ಇವತ್ತ್ ಬಂಗ್ಡಿಯಾ?" ಎಂದು ಕೇಳುತ್ತಾರೆ. ಇಲ್ಲಿ ನಾನು ಕಳ್ಳಿಯಾದೆ. ಗೌರಮ್ಮ ಶನಿವಾರ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ, ಕಿಟಕಿಗಳನ್ನೆಲ್ಲ ಹಾಕಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕುಕ್ಕರಿನಲ್ಲಿ ಮೀನು ಬೇಯಿಸುತ್ತಿದ್ದೆ. ಹುರಿಯುವ ಆಸೆಯನ್ನಂತೂ ಬಿಟ್ಟೇಬಿಟ್ಟಿದ್ದೆ. ಆಮೇಲೆ ಊದುಬತ್ತಿ, ಕರ್ಪೂರ. ಕಿಟಕಿ ಹಾಕುವುದು ಮೈತ್ರಿಯ ಕೆಲಸ. ಸ್ಟೂಲ್ ಎಳೆದುಕೊಂಡು ಹೋಗಿ ಹತ್ತಿ ಹಾಕುತ್ತಿದ್ದಳು. ಅವಳಿಗೆ ಅದೊಂದು ಆಟ. ಊಟಕ್ಕೆ ಕೂತಾಗ ಪಿಸುದನಿಯಲ್ಲಿ ಕೇಳುತ್ತಿದ್ದಳು, "ಅಮ್ಮಾ, ಇವತ್ತು ಕದ್ದ ಮೀನಾ?"

ಮಗುವಿಗೆ ಮೀನು ಕೊಡುವುದಕ್ಕೆ ನಮ್ಮಲ್ಲೊಂದು ಕ್ರಮವಿದೆ. ತುಂಡನ್ನು ತಟ್ಟೆಯ ಅಂಚಿನಲ್ಲಿ ಬಿಡಿಸಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ ಮುಳ್ಳು ಹುಡುಕಬೇಕು. ಮುಳ್ಳು ತೆಗೆದ ಮೇಲೂ ಹಿಸುಕಬೇಕು, ಅನ್ನದಲ್ಲಿ ಕಲೆಸಿ ಮತ್ತೊಮ್ಮೆ ಹಿಸುಕಬೇಕು. ಆ ಹೊತ್ತಿನಲ್ಲಿ ಅಮ್ಮ ಯಾರೊಂದಿಗೂ ಮಾತಾಡುವುದಿಲ್ಲ, ಮಾತಾಡಿಸಿದರೆ ಬೈಗುಳ ಬೀಳುತ್ತದೆ. ಕಿಟಕಿ ಹಾಕಿದ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಾನೂ ಹಾಗೆಯೇ ಉಣಿಸಿದೆ.

ಹೀಗಿರುವಾಗ ಗೌರಮ್ಮನ ಮೊಮ್ಮಗ ರಿಷಿಯ ಐದನೇ ವರ್ಷದ ಹುಟ್ಟುಹಬ್ಬ ಬಂತು. ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಪಾರ್ಟಿ. ಗೌರಮ್ಮ ತಾವೇ ಮಹಡಿ ಹತ್ತಿ ಬಂದು ಕರೆದರು. ಅಲ್ಲಿ ಗೋಬಿಯಿತ್ತು, ಪಿಜ್ಜಾ ಇತ್ತು, ಕೊನೆಯಲ್ಲಿ ಈ ಸುಶಿಯ ಕೌಂಟರು. ನಾನು ಉಡುಗೊರೆ ಕೊಟ್ಟು ತಿರುಗುವುದರೊಳಗೆ ಮೈತ್ರಿ ಅಲ್ಲಿದ್ದಳು.

ಹತ್ತಿರ ಹೋಗಿ ಕೌಂಟರಿನವನನ್ನು ಕೇಳಿದೆ, "ಇದರ ತಲೆ ಎಲ್ಲಿ?"

ಅವನು ನಕ್ಕ. "ಮೇಡಂ, ಇದು ಇಂಗೇ ಫ್ರೋಜನ್ ಬರುತ್ತೆ. ತಲೆ ಬರಲ್ಲ."

ನಾನು ಮೀನನ್ನು ನಂಬುವುದು ಅದರ ಕಣ್ಣು ನೋಡಿ, ಕಿವಿರು ಎತ್ತಿ ನೋಡಿ. ಕಣ್ಣಿಲ್ಲದ, ಕಿವಿರಿಲ್ಲದ ಈ ತುಂಡಿನ ಮುಂದೆ ನನ್ನ ವಿದ್ಯೆ ದಂಡವಾಯಿತು. ಒಳ್ಳೆಯದೋ ಕೆಟ್ಟದ್ದೋ ಹೇಳುವುದಕ್ಕೆ ನನಗೂ ಬರಲಿಲ್ಲ. ಎಷ್ಟು ಹೊತ್ತಿನಿಂದ ಹೊರಗಿದೆ ಎಂದು ಕೇಳಿದರೆ ಅವನು ಹಲಗೆಯನ್ನು ಸ್ವಲ್ಪ ಫ್ಯಾನಿನ ಕಡೆ ಸರಿಸಿದ. ಮೈತ್ರಿ ಎರಡನೆಯ ತುಂಡು ಬಾಯಿಗಿಟ್ಟಳು. ನಾನು ಅವಳ ಗಲ್ಲ ಹಿಡಿದು, ಬೆರಳು ಹಾಕಿ, ಇದ್ದದ್ದನ್ನೆಲ್ಲ ತೆಗೆದು ಕಾಗದದ ತಟ್ಟೆಗೆ ಹಾಕಿದೆ. ಮೊದಲನೆಯದು ಆಗಲೇ ಹೊಟ್ಟೆ ಸೇರಿತ್ತು. ಮಗು ಅಳುವುದಕ್ಕೆ ಶುರುಮಾಡಿತು. ಹಾಡು ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು.

ಗೌರಮ್ಮನ ಸೊಸೆ ಶ್ವೇತಾ ಓಡಿಬಂದಳು. ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿರುವವಳು, ಕೆಟ್ಟವಳಲ್ಲ. "ರಿಲ್ಯಾಕ್ಸ್ ಕಣ್ರೀ. ಮಕ್ಳು ಚಿಕ್ಕೋರಿದ್ದಾಗ್ಲೇ ಅಡ್ವೆಂಚರಸ್ ಆಗಿ ತಿನ್ಬೇಕು. ಇಲ್ಲಾಂದ್ರೆ ಫಸ್ಸಿ ಆಗ್ಬಿಡ್ತಾರೆ. ರಿಷಿ ಆಗ್ಲೇ ನಾಕು ತಿಂದ, ನೋಡಿ."

ಗೌರಮ್ಮ ಹಿಂದಿನಿಂದ ಬಂದು ಅಂದರು, "ನೀನು ಮೀನ್ ತಿನ್ನೋಳಲ್ವಾ? ನಿಂಗ್ಯಾಕಮ್ಮಾ ಮೀನಂದ್ರೆ ಭಯ?"

"ಭಯ ಅಲ್ಲಮ್ಮಾ. ನನ್ನ ಮನೇಲಿ ಬೆಂದ ಮೀನೂ ಬೇಡ ಅಂದ್ರಿ. ಇಲ್ಲಿ ಮಕ್ಳಿಗೆ ಹಸೀದು ಕೊಡ್ತಿದ್ದೀರ."

ಗೌರಮ್ಮ ನಿಜವಾಗಿಯೂ ಬೆರಗಾದರು. "ಅಯ್ಯೋ, ಇದು ವಾಸ್ನೇನೇ ಬರಾಕಿಲ್ವಲ್ಲಮ್ಮಾ!"

ಆಗ ನನ್ನ ಮೈಯೆಲ್ಲ ಉರಿದುಹೋಯಿತು. ಈಗ ಬರೆಯುವಾಗಲೂ ಉರಿಯುತ್ತಿದೆ. ಮಗುವಿನ ಹೊಟ್ಟೆಗೆ ಆಗುತ್ತದೋ ಇಲ್ಲವೋ ಅನ್ನುವುದು ಇವರಿಗೆ ಪ್ರಶ್ನೆಯೇ ಅಲ್ಲ. ಗೋಡೆಗೆ ಹಿಡಿಯುತ್ತದೋ ಇಲ್ಲವೋ, ಅಷ್ಟೇ. ಅರಿಶಿನ, ಹುಣಸೆ, ಮೆಣಸು ಹಾಕಿ ಕುದಿಸಿದ ನಮ್ಮ ಸಾರು ನಾರುತ್ತದೆ, ಬಡವರ ಅಡುಗೆ. ಫ್ಯಾನಿನ ಕೆಳಗೆ ಬೆವರುತ್ತಿರುವ ಈ ತುಂಡು ನಾರುವುದಿಲ್ಲ, ಅದು ಸಾಹಸ! ಮಗಳ ಕೈ ಹಿಡಿದು ಹೊರಬಂದೆ. ಗೇಟಿನ ಹತ್ತಿರ ಬಂದಾಗ ಅವಳು ಬಿಕ್ಕುತ್ತಲೇ ಕೇಳಿದಳು, "ಅಮ್ಮಾ, ಅದು ಕದ್ದದ್ದಲ್ವಲ್ಲಾ? ಎಲ್ರೂ ನೋಡ್ತಾ ಇದ್ರು. ಮತ್ಯಾಕೆ ತಿನ್ಬಾರ್ದು?"

ನಾನು ಅವಳನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದೆ.

ಮರುದಿನ ಅಂಗಡಿಯ ಪಕ್ಕದ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದೆ. ಮೈತ್ರಿಗೆ ಬೆಳಗ್ಗೆಯಿಂದ ಎರಡು ಸಲ ಭೇದಿಯಾಗಿತ್ತು. ಸುಶಿಯಿಂದಲೋ ಕೇಕಿನಿಂದಲೋ ಹೇಳಲಾಗದು ಎಂದರು ಡಾಕ್ಟರು. ನೀರು, ಓಆರ್‌ಎಸ್ ಕುಡಿಸಿ, ಜ್ವರವೋ ವಾಂತಿಯೋ ಬಂದರೆ ತಡಮಾಡದೆ ಕರೆತನ್ನಿ ಎಂದರು. "ಆದ್ರೆ ನೀವು ತಡೆದಿದ್ದು ಸರಿ. ಐದು ವರ್ಷದೊಳಗಿನ ಮಕ್ಕಳಿಗೆ ಹಸಿ ಮೀನು ಬೇಡ. ಫ್ರೀಜ್ ಮಾಡಿದ್ರೆ ಹುಳ ಸಾಯುತ್ತೆ, ಬ್ಯಾಕ್ಟೀರಿಯಾ ಎಲ್ಲಾ ಸಾಯಲ್ಲ. ಬೇಯಿಸಿದ್ದು, ಸೌತೆಕಾಯಿದು ಇದ್ರೆ ಚಿಕ್ಕಚಿಕ್ಕದಾಗಿ ಕತ್ತರಿಸಿ ಕೊಡಿ. ಆ ಪಾಚಿ ಹಾಳೆ ಗಂಟಲಿಗೆ ಅಂಟುತ್ತೆ, ಹುಷಾರು."

ನನಗೆ ಗೆದ್ದಷ್ಟು ಖುಷಿಯಾಯಿತು. ಬಾಯಿ ತಡೆಯದೆ ಹೇಳಿದೆ, ನಾವು ಮನೆಯಲ್ಲಿ ಬಂಗುಡೆ, ಬೈಗೆಯಂಥ ಸಣ್ಣ ಮೀನನ್ನೆಲ್ಲ ಚೆನ್ನಾಗಿ ಬೇಯಿಸಿಯೇ ಕೊಡುವುದು, ಅಮ್ಮ ಊರಿಂದ ಒಣ ತಾಟೆಯನ್ನೂ ಕಳಿಸುತ್ತಾಳೆ ಎಂದು.

"ತಾಟೆ ಅಂದ್ರೆ?"

"ಶಾರ್ಕು ಡಾಕ್ಟ್ರೇ. ಮರಿ ಶಾರ್ಕು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಬೇಡ. ಬೇರೆ ಮೀನು ತಿಂದು ಬೆಳೆಯೋ ಮೀನಿನ ಮೈಯಲ್ಲಿ ಪಾದರಸ ಸೇರ್ಕೊಂಡಿರುತ್ತೆ. ಬೇಯಿಸಿದ್ರೂ ಹೋಗಲ್ಲ. ಮಕ್ಕಳ ಮೆದುಳಿಗೆ ಒಳ್ಳೇದಲ್ಲ. ಬಂಗುಡೆ, ಬೈಗೆ ಧಾರಾಳವಾಗಿ ಕೊಡಿ."

ಗೆದ್ದ ಖುಷಿ ಅಲ್ಲೇ ಇಳಿಯಿತು. ತಾಟೆ ನಮ್ಮಲ್ಲಿ ಬಾಣಂತಿಗೆ ಮೊದಲು ಕೊಡುವ ಮೀನು. ಎದೆಹಾಲು ಹೆಚ್ಚಲಿ ಎಂದು ಅಮ್ಮ ನನಗೆ ಅದನ್ನೇ ತಿನ್ನಿಸಿದ್ದಳು. ಫೋನು ಹಚ್ಚಿ ಹೇಳಿದರೆ ಅಮ್ಮ ಕೂಗಾಡಿದಳು. "ನಿಂಗೂ ಅದನ್ನೇ ಕೊಟ್ಟದ್ದ್. ನೀನ್ ಸತ್ ಹೋದ್ಯಾ? ಆ ಡಾಕ್ಟ್ರ್ ಸಮುದ್ರ ಕಂಡದ್ದ್ ಇತ್ತಾ?"

ನಾನೂ ಕೂಗಿದೆ. ಯಾರ ಮೇಲೆ ಕೂಗಿದೆನೋ ಗೊತ್ತಿಲ್ಲ. ಇಲ್ಲಿಯವರು ಹಸಿ ಮೀನು ಕೊಟ್ಟು ಸಾಹಸ ಅನ್ನುತ್ತಾರೆ, ಅಲ್ಲಿಯವರು ತಾಟೆ ಕೊಟ್ಟು ಸಂಪ್ರದಾಯ ಅನ್ನುತ್ತಾರೆ. ಇಬ್ಬರಿಗೂ ಇಲ್ಲ ಎನ್ನಬೇಕಾದವಳು ನಾನು, ಇಬ್ಬರ ಕಣ್ಣಲ್ಲೂ ಜಗಳಗಂಟಿ. ಒಣ ತಾಟೆಯ ಪೊಟ್ಟಣವನ್ನು ಕಸಕ್ಕೆ ಹಾಕುವಾಗ ಅಮ್ಮನ ಕೈಯನ್ನೇ ತಳ್ಳಿದ ಹಾಗೆ ಸಂಕಟವಾಯಿತು. ಆದರೂ ಹಾಕಿದೆ.

ಮೈತ್ರಿ ಎರಡು ದಿನದಲ್ಲಿ ಸರಿಹೋದಳು. ರಿಷಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಮುಂದಿನ ಶನಿವಾರಕ್ಕೆ ನಾನು ಕಾಯಲಿಲ್ಲ. ಭಾನುವಾರ ಮಧ್ಯಾಹ್ನ, ಗೌರಮ್ಮ ಮನೆಯಲ್ಲಿರುವಾಗಲೇ, ಕಿಟಕಿ ಬಾಗಿಲು ತೆರೆದು ಕಾವಲಿಯ ಮೇಲೆ ಬಂಗುಡೆ ಹಾಕಿದೆ. ಮೂಗಿಗೆ ಸೆರಗು ಮುಚ್ಚಿಕೊಂಡು ಅವರು ಮೆಟ್ಟಿಲು ಹತ್ತಿ ಬಂದರು.

"ಏನಮ್ಮಾ ಇದು?"

"ಬೆಂದ ಮೀನಮ್ಮಾ. ಡಾಕ್ಟರು ಮಗುಗೆ ಕೊಡು ಅಂದಿದ್ದಾರೆ. ಬೇಡ ಅಂದ್ರೆ ಮನೆ ಖಾಲಿ ಮಾಡ್ತೀವಿ."

ಅವರು ಬಾಗಿಲಲ್ಲೇ ನಿಂತರು. ಮೈತ್ರಿಯ ತಟ್ಟೆಯ ಅಂಚಿನಲ್ಲಿ ನನ್ನ ಬೆರಳು ಮುಳ್ಳು ಹುಡುಕುವುದನ್ನೇ ನೋಡುತ್ತಿದ್ದರು. "ವಾರಕ್ಕೊಂದು ದಪ ಮಾಡ್ಕೊ," ಎಂದು ಇಳಿದುಹೋದರು. ಇಷ್ಟೇ ನನ್ನ ಗೆಲುವು. ಅದನ್ನೂ ಅಪ್ಪಣೆಯೆಂದೇ ಕೊಟ್ಟರು.

ಮೊನ್ನೆ ರಜೆಗೆ ಗಂಗೊಳ್ಳಿಗೆ ಹೋಗಿದ್ದೆವು. ಅಮ್ಮನ ಸಿಟ್ಟು ಇಳಿದಿತ್ತು. ಮೊಮ್ಮಗಳಿಗೆಂದು ತಾಜಾ ಬಂಗುಡೆ ತರಿಸಿ, ಅತ್ತಿಗೆಯನ್ನು ಮಸಾಲೆ ಅರೆಯಲು ಕೂರಿಸಿ, ತಾನೇ ಒಲೆಯ ಮುಂದೆ ನಿಂತಳು. ಕಾವಲಿಗೆ ಮೀನು ಬಿದ್ದು ಚುರ್ ಎಂದಿತು. ನಾನು ಜಗಲಿಯಲ್ಲಿ ಕೂತು ಆ ಪರಿಮಳವನ್ನು ಎದೆ ತುಂಬ ಎಳೆದುಕೊಂಡೆ.

ಒಳಗಿನಿಂದ ದಡ್ ಎಂಬ ಸದ್ದು ಬಂತು. ಆಮೇಲೆ ಇನ್ನೊಂದು. ಹೋಗಿ ನೋಡಿದರೆ ಮೈತ್ರಿ ಅಜ್ಜಿಯ ಅಕ್ಕಿಡಬ್ಬದ ಮೇಲೆ ಹತ್ತಿ ನಿಂತಿದ್ದಳು. ಉಪ್ಪುಗಾಳಿಗೆ ತುಕ್ಕು ಹಿಡಿದು, ವರ್ಷಗಳಿಂದ ಯಾರೂ ಮುಟ್ಟದ ಕಿಟಕಿಯನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದಳು. ಹೊಗೆಗೆ ಅಮ್ಮ ಕೆಮ್ಮತೊಡಗಿದ್ದಳು.

"ಎಂತಕ್ಕೆ ಮಗಾ ಕಿಟ್ಕಿ ಹಾಕುದ್?"

ಮೈತ್ರಿ ತುಟಿಯ ಮೇಲೆ ಬೆರಳಿಟ್ಟಳು. "ಶ್! ಮೆಲ್ಲಗೆ ಅಜ್ಜಿ. ಎಲ್ರಿಗೂ ಗೊತ್ತಾಗುತ್ತೆ."

ಅಮ್ಮ ನನ್ನ ಮುಖ ನೋಡಿದಳು. ನಾನು ಹೋಗಿ ಕಿಟಕಿ ತೆರೆದೆ. ಮಗಳು ಮತ್ತೆ ಹಾಕಿದಳು.