ನನ್ನ ಮಾತು, ಅತ್ತೆಯ ಹೆಸರು

ಅತ್ತೆಯವರ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ, ದೊಡ್ಡ ಹಂಡೆಯನ್ನು ಯಾರ ಮನೆಗೆ ಹಿಂದಿರುಗಿಸಬೇಕೆಂದು ಅಡುಗೆಯವರು ಕೇಳಿದರು. ಉತ್ತರ ನನಗೆ ತಿಳಿದಿತ್ತು. ಬಾಯಿ ತೆರೆದೆ. ತುಟಿ ಆಡಿತು, ನಾಲಿಗೆ ಆಡಿತು, ಗಾಳಿಯೂ ಬಂತು.

ಧ್ವನಿ ಬರಲಿಲ್ಲ.

ಹೋಮದ ಹೊಗೆ ಎಂದರು. ಉಪವಾಸದ ದಣಿವು ಎಂದರು. ಮೆಣಸಿನ ಕಷಾಯ ಕುಡಿಸಿದರು. ಆದವಾನಿಯ ಗಂಟಲು ಡಾಕ್ಟರು ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಳಿಸಿ ಧ್ವನಿತಂತುಗಳನ್ನು ನೋಡಿ, "ಕಾರ್ಡ್ಸ್ ನಾರ್ಮಲ್" ಎಂದರು. ಹದಿನೈದು ವರ್ಷಗಳ ಕಾಲ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಹಿಂದಿನ ಬೆಂಚಿನವರಿಗೂ ಒತ್ತಕ್ಷರ ಒತ್ತಕ್ಷರವಾಗಿಯೇ ಕೇಳಿಸಬೇಕೆಂಬ ಹಟ ನನ್ನದಾಗಿತ್ತು. ಅಂಥವಳ ಗಂಟಲು ಮೂಕವಾಗಿರುವಾಗ ಅದನ್ನು ನಾರ್ಮಲ್ ಎಂದು ಕರೆದದ್ದು ನನಗೆ ಬೈಗುಳದಂತೆ ಕೇಳಿಸಿತು.

ಶಾಲೆಯನ್ನು ನಾನಾಗಿ ಬಿಟ್ಟದ್ದಲ್ಲ. ಅತ್ತೆಯವರು ಹಾಸಿಗೆ ಹಿಡಿದಾಗ ಬಿಡಿಸಿದರು. ಹಾಗೆ ನಿರ್ಧರಿಸಿದವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ಮನೆಯವರು ಮತ್ತು ಅವರ ಅಕ್ಕ ಸುಂದರಕ್ಕ. ಸುಂದರಕ್ಕನಿಗೆ ಪತ್ತಿಕೊಂಡದಲ್ಲಿ ಸ್ವಂತ ಮನೆಯಿದ್ದರೂ, ತಾಯಿಯ ಕಾಯಿಲೆಯ ನೆಪದಲ್ಲಿ ಬಂದವರು ನಮ್ಮಲ್ಲೇ ಉಳಿದಿದ್ದರು. ಕೆಟ್ಟ ಹೆಂಗಸಲ್ಲ. ನನಗೆ ತಲೆ ಎತ್ತಲಾಗದ ದಿನಗಳಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಎರೆದವರು ಅವರೇ. ಆದರೆ ನನ್ನ ಕಾಯಿಲೆಗೆ ಹೆಸರಿಟ್ಟವರೂ ಅವರೇ.

"ಅವ್ವಂದು ಏನೋ ಆಸಿ ಉಳದದ. ಈಕಿ ಗಂಟಲದಾಗ ಬಂದು ಕೂತಾಳ."

ಮಂತ್ರಾಲಯಕ್ಕೆ ಕರೆದೊಯ್ದು ಸೇವೆಗೆ ಕೂಡಿಸಿದರು. ತುಂಗಭದ್ರೆಯಲ್ಲಿ ಮಿಂದೆ, ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿದೆ. ಮನಸ್ಸಿಗೆ ಸ್ವಲ್ಪ ತಂಪಾಯಿತು. ಧ್ವನಿ ಬರಲಿಲ್ಲ.

ಮನೆಯಲ್ಲಿ ನನಗೊಂದು ಪಾಟಿ ಕೊಟ್ಟರು. ಬಳಪದಲ್ಲಿ ಬರೆದು ತೋರಿಸುತ್ತಿದ್ದೆ. "ಉಪ್ಪು ಮುಗಿದಿದೆ" ಎಂದು ಬರೆದರೆ ಉಪ್ಪು ಬರುತ್ತಿತ್ತು. ಒಂದು ಸಂಜೆ, "ನಾನು ಶಾಲೆಗೆ ಹಿಂದಿರುಗಬೇಕು. ಇಲ್ಲದಿದ್ದರೆ ನಾನು ಉಳಿಯುವುದಿಲ್ಲ" ಎಂದು ಬರೆದು ನಮ್ಮ ಮನೆಯವರ ಮುಂದೆ ಇಟ್ಟೆ. ಓದಿದರು. ಧೋತರದ ಅಂಚಿನಿಂದ ಒರೆಸಿದರು.

"ಮೊದಲ ನೀ ಆರಾಮ ಆಗು" ಎಂದರು.

ಕೊನೆಗೆ ಕರ್ನೂಲಿನ ಆಸ್ಪತ್ರೆಯೊಂದಕ್ಕೆ ಹೋದೆವು. ಮನೋರೋಗದ ಡಾಕ್ಟರು ಕರಾವಳಿ ಆಂಧ್ರದವರು. ತೆಲುಗು ಮತ್ತು ಇಂಗ್ಲಿಷ್ ಮಾತ್ರ ಬಲ್ಲವರು. ಇದು ನಾಟಕವಲ್ಲ, ದೆವ್ವವೂ ಅಲ್ಲ, ಮನಸ್ಸು ಗಂಟಲನ್ನು ಹಿಡಿದುಕೊಂಡಿದೆ ಎಂದು ವಿವರಿಸಿದರು. ಇಂಥವರಿಗೆ ಸಾಮಾನ್ಯವಾಗಿ ಪೆಂಟೋಥಾಲ್ ಎಂಬ ಮಂಪರಿನ ಔಷಧ ಕೊಟ್ಟು ಮಾತನಾಡಿಸುತ್ತಾರಂತೆ. ನನಗೆ ಉಬ್ಬಸವಿದ್ದುದರಿಂದ ಅದು ಬೇಡವೆಂದು, ಆಪರೇಷನ್ ಥಿಯೇಟರಿನಲ್ಲಿ ಬಳಸುವ ಕೆಟಮಿನ್ ಎಂಬ ಔಷಧವನ್ನು ಸ್ವಲ್ಪ ಪ್ರಮಾಣದಲ್ಲಿ ಕೊಡುವುದಾಗಿ ಹೇಳಿದರು. ಪೂರ್ತಿ ನಿದ್ರೆ ಬರದು, ಬಿಗಿತ ಸಡಿಲುತ್ತದೆ, ಆಗ ಪ್ರಶ್ನೆ ಕೇಳುತ್ತೇವೆ. ಇಷ್ಟೇ ಹೇಳಿದರು. ಮುಂದೆ ಏನೇನಾಗಬಹುದೆಂದು ಯಾರೂ ಹೇಳಲಿಲ್ಲ. ಆದ್ದರಿಂದ, ಈ ಚಿಕಿತ್ಸೆಗೆ ಹೋಗುವ ಇನ್ನೊಬ್ಬರಿಗೆ ಉಪಯೋಗವಾಗಲೆಂದು ನಾನು ಹೇಳುತ್ತೇನೆ.

ಬರಿಹೊಟ್ಟೆಯಲ್ಲಿರಬೇಕು. ಕನ್ನಡಕ ತೆಗೆಸುತ್ತಾರೆ. ಬಿ.ಪಿ. ನೋಡುತ್ತಾರೆ. ಕೋಣೆಯಲ್ಲಿ ಗದ್ದಲವಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆಂಬುದನ್ನು ನೀವೇ ಗೊತ್ತುಮಾಡಿಕೊಳ್ಳಬೇಕು.

ನನ್ನ ಪಕ್ಕದಲ್ಲಿ ಸುಂದರಕ್ಕ ಕೂತರು.

ಔಷಧದ ಮಂಪರಿನಲ್ಲಿ ನಾನು ಕನ್ನಡದಲ್ಲಿ ಮಾತನಾಡಿದರೆ ಡಾಕ್ಟರಿಗೆ ತಿಳಿಯಬೇಕಲ್ಲ. ಅದನ್ನು ತೆಲುಗಿನಲ್ಲಿ ಹೇಳಲು ಮನೆಯವರೊಬ್ಬರು ಬೇಕೆಂದರು. ನಮ್ಮವರಿಗೆ ಸೂಜಿ ಕಂಡರೆ ತಲೆ ತಿರುಗುತ್ತದೆ. ವರಾಂಡದಲ್ಲೇ ಉಳಿದರು. ಸುಂದರಕ್ಕ ಸೆರಗಿನ ತುದಿಯಲ್ಲಿ ಮಂತ್ರಾಕ್ಷತೆ ಕಟ್ಟಿಕೊಂಡು ಒಳಗೆ ಬಂದರು.

ಔಷಧ ರಕ್ತನಾಳಕ್ಕೆ ಹೋದೊಡನೆ ತುಟಿ ಜೋಮು ಹಿಡಿಯಿತು. ನಮ್ಮೂರಿನ ಹತ್ತಿ ಜಿನ್ನಿನ ಗಿರಣಿಯ ಮೊರೆತದಂಥ ಸದ್ದು ಕಿವಿಯಲ್ಲಿ ಎದ್ದಿತು. ಸೂರಿನ ಫ್ಯಾನು ದೂರ ಸರಿಯಿತು. ಕೈ ಎಲ್ಲಿದೆಯೆಂದು ಹುಡುಕಿದೆ, ಇರಲಿಲ್ಲ. ಹೆದರಿಕೆಯಾಗಬೇಕಿತ್ತು, ಆದರೆ ಹೆದರುವವಳು ಎಲ್ಲೋ ಹಿಂದೆ ಉಳಿದಿದ್ದಳು. ಕೆಳಗೆ ಮಂಚದ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ಮಾಸಿದ ಹಸಿರು ಸೀರೆ, ಬೆವರಿದ ಹಣೆ. ಯಾರ ಮನೆಯ ಹೆಂಗಸೋ, ಎಷ್ಟು ಬಳಲಿದ್ದಾಳೆ ಎಂದು ಮರುಕ ಹುಟ್ಟಿತು. ಅಷ್ಟು ಮರುಕವನ್ನು ನಾನು ನನ್ನ ಮೇಲೆ ಎಂದೂ ತೋರಿದವಳಲ್ಲ.

ಗಂಟಲಿಗೆ ಏನು ಅಡ್ಡ ಬಂದಿದೆಯೆಂದು ಕೇಳಿ ಎಂದು ಡಾಕ್ಟರು ಸುಂದರಕ್ಕನಿಗೆ ಹೇಳಿದ್ದರು. ಸುಂದರಕ್ಕ ಅದನ್ನು ಕೇಳಲಿಲ್ಲ. ಮೈಮೇಲೆ ಬಂದವರನ್ನು ನಮ್ಮ ಕಡೆ ಯಾವ ಕ್ರಮದಲ್ಲಿ ವಿಚಾರಿಸುತ್ತಾರೋ ಆ ಕ್ರಮದಲ್ಲೇ ಶುರುಮಾಡಿದರು.

"ಯಾರು ನೀನು? ಎಲ್ಲಿಂದ ಬಂದಿ?"

ಸುಂದರಕ್ಕ ನನ್ನ ಕಿವಿಯ ಹತ್ತಿರ ಬಾಗಿದರು.

"ಅವ್ವಾ, ನೀನ ಏನು?"

"ಹೂಂ" ಎಂದೆ. ಆ ಸ್ಥಿತಿಯಲ್ಲಿ ನೀನು ಬೆಟ್ಟವೇನು ಎಂದು ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

"ಏನ ಆಸಿ ಉಳದದ ನಿನಗ? ಹೇಳು ನಮ್ಮವ್ವಾ, ನಡಸಿಕೊಡ್ತೀವಿ."

ಮಂಚದ ಮೇಲಿನ ಹೆಂಗಸನ್ನು ನೋಡಿದೆ. "ಆ ಹೆಂಗಸನ್ನ ಸಾಲಿಗೆ ಕಳಸ್ರಿ. ಒಳಗ ಕೂತು ಕೂತು ಸಾಯ್ಲಿಕ್ಕತ್ತಾಳ."

ತಿಂಗಳುಗಟ್ಟಲೆ ಮುಚ್ಚಿದ್ದ ಗಂಟಲಿನಿಂದ ಬಂದ ಧ್ವನಿ ಒಡಕಾಗಿತ್ತು, ಮುದುಕಿಯದರಂತಿತ್ತು. ಸುಂದರಕ್ಕ ಮಂತ್ರಾಕ್ಷತೆ ಎರಚಿ ನನ್ನ ಕಾಲು ಹಿಡಿದರು.

"ಏಮಂಟುಂದಮ್ಮಾ?" ಏನನ್ನುತ್ತಿದ್ದಾಳೆಂದು ಡಾಕ್ಟರು ಆತುರದಿಂದ ವಿಚಾರಿಸಿದರು.

"ಮಾ ಅಮ್ಮ ವಚ್ಚಿಂದಿ, ಸಾರ್!" ನಮ್ಮ ಅವ್ವ ಬಂದಿದ್ದಾಳೆ ಎಂದರು ಸುಂದರಕ್ಕ.

ಅದು ನನ್ನ ಮಾತೆಂದು ತಿಳಿದು, ರೋಗಿಗೆ ತಾಯಿಯ ನೆನಪು ಬಂದಿರಬೇಕೆಂದುಕೊಂಡ ಡಾಕ್ಟರು, "ಗುಡ್, ವೆರಿ ಗುಡ್" ಎಂದು ಕೇಸ್‌ಶೀಟಿನಲ್ಲಿ ಬರೆದುಕೊಂಡರು.

ಆಮೇಲೆ ವಾಂತಿ. ಗೋಡೆಗಳು ತಮ್ಮ ಜಾಗಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಅಳು ಬರುತ್ತಿತ್ತು, ಕಾರಣವಿರಲಿಲ್ಲ. ಸಿಸ್ಟರ್ ನನ್ನ ಬಾಯಿ ಒರೆಸುತ್ತಿದ್ದಾಗ ನಾನೇ ಹೇಳಿದ್ದು ನನಗೇ ಕೇಳಿಸಿತು.

"ನೀರು."

ಊರಿಗೆ ಬಂದ ಮೇಲೆ ಸುಂದರಕ್ಕ ಓಣಿಗೆಲ್ಲ ಸುದ್ದಿ ಮುಟ್ಟಿಸಿದರು. "ಖರೇ ಅವ್ವಂದ ದನಿ! ಈಕಿ ಆಗಿದ್ರ ಪುಸ್ತಕದಾಂಗ ಮಾತಾಡ್ತಿದ್ಳು." ಪಾಟಿಯಲ್ಲಿ ಬರೆದು ಅಂಗಲಾಚಿದರೂ ದೊರೆಯದ ಅನುಮತಿ ಒಂದೇ ಸಂಜೆಯಲ್ಲಿ ದೊರೆಯಿತು. ಅವ್ವನ ಮಾತು ಮೀರುವುದುಂಟೇ? ನಮ್ಮ ಮನೆಯವರು ತಾವೇ ಹೋಗಿ ಹೆಡ್‌ಮಿಸ್ಟ್ರೆಸ್ ಅವರನ್ನು ಕಂಡು ಬಂದರು. ಹೆರಿಗೆ ರಜೆಯ ಮೇಲೆ ಹೋಗುವವರೊಬ್ಬರ ಜಾಗ ಜೂನ್ ತಿಂಗಳಿಂದ ಖಾಲಿಯಾಗುತ್ತಿತ್ತು. ಬದುಕಿರುವವಳು ಶುದ್ಧ ಕನ್ನಡದಲ್ಲಿ ಬೇಡಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಸತ್ತವರು ಮಂಪರಿನಲ್ಲಿ ತೊದಲಿದ್ದು ಆಜ್ಞೆಯಾಯಿತು.

ನಾನು ಬಾಯಿ ಮುಚ್ಚಿಕೊಂಡಿದ್ದೆ. ಬಿಡಿಸಿ ಹೇಳಿದರೆ ಶಾಲೆ ಕೈತಪ್ಪುತ್ತದೆ.

ತಪಾಸಣೆಗೆ ಹೋದಾಗ ಡಾಕ್ಟರು ಎಚ್ಚರಿಸಿದರು. ಇಂಜೆಕ್ಷನ್ ಬಾಗಿಲು ತೆರೆಯುತ್ತದೆ, ಅಷ್ಟೇ. ಅಲ್ಲಿ ಆಡಿದ ಮಾತನ್ನು ಎಚ್ಚರದಲ್ಲಿ, ಸಂಬಂಧಪಟ್ಟವರ ಎದುರಿಗೆ ನೀವೇ ಆಡಬೇಕು. ಇಲ್ಲವಾದರೆ ಗಂಟಲು ಮತ್ತೆ ಮುಚ್ಚಬಹುದು. ಆ ವಾರ ಆಗಲೇ ಎರಡು ಬಾರಿ ಧ್ವನಿ ಕೈಕೊಟ್ಟಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ನಮ್ಮ ಮನೆಯವರಿಗೆ ಹೇಳಿದೆ. "ಅಂದು ಮಾತನಾಡಿದವಳು ನಾನು. ನಿಮ್ಮ ತಾಯಿಯಲ್ಲ."

ಅವರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು.

"ನನಗ ಗೊತ್ತಿಲ್ಲೇನು? ನೀ ಪಾಟಿ ಮ್ಯಾಲೆ ಬರದದ್ದೂ ಅದನ್ನ ಅಲ್ಲೇನು?"

ನಾನು ಅವರ ಕಡೆ ತಿರುಗಿದೆ.

"ಗೊತ್ತಿದ್ದೂ ಸುಮ್ಮನಿದ್ದಿರಾ?"

"ನಿನ್ನ ಮಾತು ಅಂದಿದ್ರ ಅಕ್ಕ ಕೇಳ್ತಿದ್ಳೇನು? ನಾ ಆದ್ರೂ ಕೇಳ್ತಿದ್ನೇನು? ಅವ್ವನ ಹೆಸರಿನ್ಯಾಗ ಆಗ್ಯದ. ಆಗ್ಲಿ ಬಿಡು."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಹೆಚ್ಚು ಕಹಿಯಾಗಿತ್ತು.

ಮನೆಗೆ ಬಂದಾಗ ಸುಂದರಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಕಾಲು ತೊಳೆಯದೆಯೇ ಎದುರಿಗೆ ನಿಂತೆ. ಗಂಟಲು ಬಿಗಿಯತೊಡಗಿತ್ತು. ಪುಸ್ತಕದ ಮಾತು ಹುಡುಕುತ್ತ ನಿಂತರೆ ಇರುವ ಧ್ವನಿಯೂ ಹೋಗುತ್ತದೆ ಎನ್ನಿಸಿ, ಬಂದಂತೆ ಆಡಿಬಿಟ್ಟೆ.

"ಸುಂದರಕ್ಕಾ, ಅವತ್ತು ದವಾಖಾನಿಯೊಳಗ ಮಾತಾಡಿದಾಕಿ ನಾನು. ಅತ್ತಿ ಬಂದಿರಲಿಲ್ಲ. ಸಾಲಿಗೆ ಹೋಗೂದು ನನ್ನ ಆಸಿ. ನೀವು ಬ್ಯಾಡ ಅಂದ್ರೂ ನಾ ಹೋಗಾಕಿ."

ಸುಂದರಕ್ಕ ಮೊರ ಕೆಳಗಿಟ್ಟರು. ನನ್ನ ಮುಖವನ್ನೇ ದಿಟ್ಟಿಸಿದರು. ಅವರ ಕಣ್ಣು ತುಂಬಿತು. ನಿಧಾನವಾಗಿ ಎದ್ದು ಕೈ ಮುಗಿದರು.

"ಮತ್ತ ಬಂದ್ಯಾ ಅವ್ವಾ? ಸಿಟ್ಟಾಗಬ್ಯಾಡ. ಕಳಸ್ತೀವಿ ಅಂತ ಮಾತು ಕೊಟ್ಟೀವಲ್ಲ."

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು ತಲೆ ತಗ್ಗಿಸಿದರು. ನಕ್ಕರೋ ನಾಚಿದರೋ ತಿಳಿಯಲಿಲ್ಲ.

ಈಗ ಶಾಲೆಗೆ ಹೋಗುತ್ತಿದ್ದೇನೆ. ಔಷಧಕ್ಕೂ ಡಾಕ್ಟರಿಗೂ ನಾನು ಋಣಿ. ಅದನ್ನು ಮರೆಯುವಷ್ಟು ಕಹಿ ನನ್ನಲ್ಲಿಲ್ಲ. ಆದರೆ ಗುಣವಾದೆನೇ ಎಂದು ಕೇಳುವವರಿಗೆ ನಾನು ಶಾಲೆಯ ವಿಷಯ ಹೇಳುವುದಿಲ್ಲ, ಆ ಸಂಜೆಯ ಪಡಸಾಲೆಯ ವಿಷಯ ಹೇಳುತ್ತೇನೆ. ಸುಂದರಕ್ಕನ ಮುಗಿದ ಕೈಗಳನ್ನು ಹಿಡಿದು ಬಿಡಿಸಿ, "ನಾನು ವನಮಾಲಾ" ಎಂದೆ. ಅವರು ಮತ್ತೆ ಕೈ ಮುಗಿದರು. ಮತ್ತೆ ಬಿಡಿಸಿದೆ, ಮತ್ತೆ ಹೇಳಿದೆ.

ಅವರು ನಂಬಲಿಲ್ಲ. ನನ್ನ ಧ್ವನಿ ಒಡೆಯಲೂ ಇಲ್ಲ.